ಗಗನಚುಕ್ಕಿಯಿಂದ ಊರ ಕೋಡಿಯವರೆಗೆ

ನೀರನ್ನು ಕುರಿತು ನಮ್ಮ ನುಡಿಯಲ್ಲಿರುವ ಮಾತುಗಳನ್ನು ಎಣಿಸಿದವರಿಗೆ ಬೆರಗಾಗದಿರದು. ಹೊಳೆ, ತೊರೆ, ಹಳ್ಳ, ಹೊನಲು, ಒರತೆ, ಅಬ್ಬಿ, ಮಡು, ಸುಳಿ ಇವುಗಳಲ್ಲಿ ಒಂದೊಂದೂ ಒಂದೊಂದು ನೆಲದ ಅನುಭವದಿಂದ ಒಡಮೂಡಿದ ಮಾತು. ಅಮರಕೋಶದ ಶೈಲವರ್ಗದಲ್ಲಿ ಬರುವ ಉತ್ಸ, ಪ್ರಸ್ರವಣ, ನಿರ್ಝರ, ಝರ ಎಂಬ ಶಬ್ದಗಳನ್ನು ಬಾಲ್ಯದಲ್ಲಿಯೇ ಗುರುಮುಖೇನ ಕಂಠಸ್ಥ ಮಾಡಿಕೊಂಡವನು ನಾನು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮಕ್ಕಳಿಗೆ ಪಾಠ ಹೇಳುವ ಕನ್ನಡ ಪಂಡಿತನಿಗೆ ಒಂದು ವಿಲಕ್ಷಣವಾದ ತೊಡಕು ಎದುರಾಗುತ್ತದೆ. ನಿರ್ಝರವೆಂದರೆ ಏನೆಂದು ಕೇಳಿದರೆ ಮಕ್ಕಳು ತಡವರಿಸದೆ ಜಲಪಾತವೆನ್ನುತ್ತಾರೆ. ಜಲಪಾತವೆಂದರೇನೆಂದು ಕೇಳಿದರೆ ಸುಮ್ಮನಾಗುತ್ತಾರೆ. ಇಲ್ಲಿ ಪದವುಂಟು, ಪದಾರ್ಥವಿಲ್ಲ.

ಹಾಗೆಂದು ಈ ನೆಲ ನದಿಗಳಿಗೆ ಪರಕೀಯವಾದುದೇನೂ ಅಲ್ಲ. ನಂದಿಯ ಗಿರಿಶ್ರೇಣಿಯು ನದಿಗಳ ತವರು. ಉತ್ತರ ಪಿನಾಕಿನಿ ಇಲ್ಲಿ ಹುಟ್ಟಿ, ಗೌರಿಬಿದನೂರನ್ನು ಹಾದು, ಆಂಧ್ರದಲ್ಲಿ ಪೆನ್ನೆಯೆನಿಸಿ ನೆಲ್ಲೂರಿನ ಸಮೀಪ ಕಡಲನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿನತ್ತ ಸಾಗುತ್ತದೆ. ಚಿತ್ರಾವತಿ, ಪಾಪಾಗ್ನಿಗಳು ಉತ್ತರಕ್ಕೆ ಹರಿದು ಪೆನ್ನೆಯನ್ನು ಕೂಡುತ್ತವೆ. ಅರ್ಕಾವತಿ ದಕ್ಷಿಣಕ್ಕೆ ತಿರುಗಿ ಕಾವೇರಿಯನ್ನು ಕೂಡುತ್ತದೆ. ಇಷ್ಟು ಹೆಣ್ಣುಮಕ್ಕಳನ್ನು ಹೆತ್ತ ಮನೆಯಲ್ಲಿ ಒಬ್ಬಳೂ ನಿಲ್ಲಲಿಲ್ಲ. ವರ್ಷದ ಬಹುಭಾಗ ಅವುಗಳ ಪಾತ್ರದಲ್ಲಿ ಮರಳು, ಜಾಲಿಗಳಲ್ಲದೆ ಬೇರೇನೂ ಕಾಣುವುದಿಲ್ಲ. ರೇಷ್ಮೆಗೂ ಹೂವಿಗೂ ದ್ರಾಕ್ಷಿಗೂ ಹೆಸರಾದ ನಮ್ಮ ರೈತರು ಸಾವಿರ ಅಡಿಗೂ ಮಿಗಿಲಾಗಿ ನೆಲವನ್ನು ಕೊರೆದು ನೀರನ್ನು ಅರಸುತ್ತಿದ್ದಾರೆ. ಹಾಗೆ ದೊರೆತ ನೀರಿನಲ್ಲಿಯೂ ಎಷ್ಟೋ ಊರುಗಳಲ್ಲಿ ಫ್ಲೋರೈಡಿನ ದೋಷವುಂಟು.

ಇಂತಹ ನಮ್ಮ ಶಾಲೆಗೆ ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬರು ಬಂದಿದ್ದರು. ಯೂರೋಪಿನಲ್ಲಿ ಉದ್ಯೋಗದಲ್ಲಿರುವ ಅವರು ಐಸ್‌ಲೆಂಡ್ ದ್ವೀಪದ ಪ್ರವಾಸವನ್ನು ಮುಗಿಸಿ ಬಂದವರು. ಅಲ್ಲಿಯ ಜಲಪಾತಗಳ ಚಿತ್ರಗಳನ್ನು ಅವರು ಮಕ್ಕಳಿಗೆ ತೋರಿಸಿದರು. ಹಿಮನದಿ ಕರಗಿ ಹುಟ್ಟಿದ ಹ್ವೀಟಾ ನದಿಯು ಎರಡು ಮೆಟ್ಟಿಲುಗಳಲ್ಲಿ 32 ಮೀಟರ್ ಧುಮುಕುವ ಗುಲ್‌ಫಾಸ್ ಅವುಗಳಲ್ಲಿ ಮುಖ್ಯವಾದುದು. ಆ ಹೆಸರಿಗೆ ಹೊನ್ನಿನ ಜಲಪಾತವೆಂದು ಅರ್ಥವಂತೆ. ಚಿತ್ರಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದುದು ಅವರು ಹೇಳಿದ ಒಂದು ವೃತ್ತಾಂತ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಆ ಜಲಪಾತದಿಂದ ವಿದ್ಯುತ್ತನ್ನು ಪಡೆಯುವ ಹವಣಿಕೆ ನಡೆದಾಗ, ಬ್ರಾಟ್‌ಹೋಲ್ಟ್ ಎಂಬ ಹೊಲಮನೆಯ ರೈತನ ಮಗಳಾದ ಸಿಗ್ರಿದುರ್ ತೋಮಸ್‌ದೋತ್ತಿರ್ ಅದನ್ನು ಎದುರಿಸಿ ನಿಂತಳು. ನ್ಯಾಯಾಲಯದಲ್ಲಿ ಅವಳ ಪರವಾಗಿ ನಿಂತ ಸ್ವೇನ್ ಬ್ಯೋರ್ನ್ಸನ್ 1944ರಲ್ಲಿ ಆ ದೇಶದ ಪ್ರಥಮ ರಾಷ್ಟ್ರಪತಿಯಾದರು. ಕಡೆಗೆ ಆ ಯೋಜನೆ ಕೈಗೂಡಲಿಲ್ಲ. 1979ರಲ್ಲಿ ಗುಲ್‌ಫಾಸ್ ಸಂರಕ್ಷಿತ ಪ್ರದೇಶವಾಯಿತು. ಆ ರೈತನ ಮಗಳ ಶಿಲಾಸ್ಮಾರಕ ಜಲಪಾತದ ಬಳಿಯಲ್ಲಿಯೇ ಇದೆ.

ಇಂಥದು ನಮ್ಮ ನಾಡಿನಲ್ಲಿಲ್ಲವೇ ಎಂದು ಮಕ್ಕಳು ಕೇಳಿದರು. ಆ ಪ್ರಶ್ನೆಗೆ ಮಾತಿನಿಂದ ಉತ್ತರಿಸುವುದು ಸಲ್ಲದೆಂದು ತೋರಿತು. ದಾನಿಗಳೊಬ್ಬರು ಬಸ್ಸಿನ ವೆಚ್ಚವನ್ನು ವಹಿಸಿಕೊಂಡರು. 2022ರ ಆಗಸ್ಟ್ ತಿಂಗಳಲ್ಲಿ ಹತ್ತನೆಯ ತರಗತಿಯವರನ್ನು ಕರೆದುಕೊಂಡು ಶಿವನಸಮುದ್ರಕ್ಕೆ ಹೊರಟೆವು.

ಶಿವನಸಮುದ್ರವೂ ಒಂದು ದ್ವೀಪವೇ. ಕಾವೇರಿಯು ಇಲ್ಲಿ ಎರಡು ಕವಲಾಗಿ ದ್ವೀಪವನ್ನು ತಬ್ಬಿ ಹರಿಯುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿಯೂ ಪೂರ್ವದ ಕವಲು ಭರಚುಕ್ಕಿಯಾಗಿಯೂ ಧುಮುಕುತ್ತವೆ. ನಡುವೆ ಮಧ್ಯರಂಗನ ದೇಗುಲ, ಸೋಮೇಶ್ವರನ ಆಲಯ, ಗಗನಚುಕ್ಕಿಯ ಬಳಿ ಒಂದು ದರ್ಗಾ. ಆ ವರ್ಷ ಕಾವೇರಿ ತುಂಬಿ ಹರಿಯುತ್ತಿದ್ದಳು. ಗಗನಚುಕ್ಕಿಯ ಎದುರಿನ ಎತ್ತರದಲ್ಲಿ ನಿಂತಾಗ ಮೊದಲು ನಮ್ಮನ್ನು ತಲಪಿದುದು ನೋಟವಲ್ಲ, ಮೊರೆತ. ಆಮೇಲೆ ಸುಮಾರು 300 ಅಡಿಗಳ ಆಳಕ್ಕೆ ಬೀಳುವ ಕೆಮ್ಮಣ್ಣು ಬಣ್ಣದ ನೀರು. ಅದರ ಮೇಲೆ ಹೊಗೆಯಂತೆ ಏಳುವ ತುಂತುರು. ಗದ್ದಲಕ್ಕೆ ಹೆಸರಾದ ತರಗತಿ ಮೂಕವಾಗಿ ನಿಂತಿತ್ತು.

ಆ ಮೌನವನ್ನು ಮುರಿದವಳು ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯ ಹುಡುಗಿ. “ಸಾರ್, ರಾತ್ರಿ ಹೊತ್ತು ಇದನ್ನು ನಿಲ್ಲಿಸುತ್ತಾರೆಯೇ?” ಎಂದಳು. ಉಳಿದವರು ನಕ್ಕರು, ನನಗೆ ನಗು ಬರಲಿಲ್ಲ. ನಾಲ್ಕು ದಿನಗಳಿಗೊಮ್ಮೆ ಒಂದು ಗಂಟೆಯ ಕಾಲ ನಲ್ಲಿಯಲ್ಲಿ ಬರುವ ನೀರನ್ನಷ್ಟೇ ಬಲ್ಲ ಮಗುವಿಗೆ, ನಿಲ್ಲಿಸುವವರಿಲ್ಲದ ನೀರು ಎಂಬುದೊಂದು ಉಂಟೆಂದು ತಿಳಿಯುವುದಾದರೂ ಹೇಗೆ? ಅದಕ್ಕಿಂತ ಮಿಗಿಲಾಗಿ, ಅವಳ ಪ್ರಶ್ನೆ ಯಥಾರ್ಥವಾಗಿಯೇ ಇತ್ತು. ಈ ನೀರನ್ನು ತಡೆಯುವವರೂ ಬಿಡುವವರೂ ಉಂಟು. ಆ ಕಥೆಯನ್ನು ಅಲ್ಲಿಯೇ ಬಂಡೆಯ ಮೇಲೆ ಕುಳಿತು ಮಕ್ಕಳಿಗೆ ಹೇಳಿದೆನು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ ಆರಂಭವಾದ ಇಲ್ಲಿಯ ವಿದ್ಯುದಾಗಾರವು 1902ರಲ್ಲಿ ಕೆಲಸಕ್ಕೆ ತೊಡಗಿತು. ನದಿಯ ನೀರಿನ ಒಂದು ಪಾಲನ್ನು ಜಲಪಾತಕ್ಕೆ ಮುನ್ನವೇ ಕಾಲುವೆಗೆ ತಿರುಗಿಸಿ, ಕೊಳವೆಗಳಲ್ಲಿ ಕೆಳಕ್ಕಿಳಿಸಿ, ಯಂತ್ರಗಳನ್ನು ತಿರುಗಿಸಿದ ಬಳಿಕ ಮರಳಿ ನದಿಗೆ ಬಿಡುವುದು ಅದರ ಕ್ರಮ. ಹಾಗೆ ಹುಟ್ಟಿದ ವಿದ್ಯುತ್ತು ಮೊದಲು ಹೋದುದು ಮೈಸೂರಿಗಲ್ಲ, ಬೆಂಗಳೂರಿಗಲ್ಲ. 92 ಮೈಲಿಗಳ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಬೆಳಗಿದುದು 1905ರಲ್ಲಿ. 2007ರವರೆಗೆ ನಮ್ಮ ತಾಲ್ಲೂಕುಗಳೆಲ್ಲವೂ ಕೋಲಾರ ಜಿಲ್ಲೆಗೇ ಸೇರಿದ್ದುವೆಂಬುದನ್ನು ನೆನೆದರೆ, ಕಾವೇರಿಯ ಈ ಪತನದ ಪ್ರಥಮ ಫಲ ಸಂದುದು ನಮ್ಮ ಜಿಲ್ಲೆಗೆ ಎನ್ನಬಹುದು. ಆ ಗಣಿಗಳು 2001ರಲ್ಲಿ ಮುಚ್ಚಿದುವು.

ಬೇಸಗೆಯಲ್ಲಿ ನದಿ ಸೊರಗಿದಾಗ ವಿದ್ಯುತ್ತೂ ಸೊರಗುತ್ತಿತ್ತು. ವರ್ಷವಿಡೀ ಒಂದೇ ಸಮನಾದ ಹರಿವು ಬೇಕಾಗಿತ್ತು. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಗಲು ನೀರಾವರಿಯಂತೆಯೇ ಇದೂ ಒಂದು ಮುಖ್ಯ ಕಾರಣ. ಆಗ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು. ನೀರಿಲ್ಲದ ನಾಡಿನ ಮಗ ನೀರನ್ನು ಕಟ್ಟಿ ನಿಲ್ಲಿಸುವ ವಿದ್ಯೆಯಲ್ಲಿ ಅಗ್ರಗಣ್ಯನಾದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಬಾಯಾರಿದವನೇ ಹನಿಯ ಬೆಲೆಯನ್ನು ಬಲ್ಲನು.

ಇಲ್ಲಿ ಒಬ್ಬ ಹುಡುಗ ಕೇಳಿದ: ಹಾಗಾದರೆ ಐಸ್‌ಲೆಂಡಿನ ಆ ಹೆಂಗಸು ಮಾಡಿದುದು ಸರಿಯೋ, ನಮ್ಮವರು ಮಾಡಿದುದು ಸರಿಯೋ? ಒಂದನ್ನು ಹೊಗಳಿ ಇನ್ನೊಂದನ್ನು ಹಳಿಯುವುದು ಸುಲಭ. ಆದರೆ ಗುಲ್‌ಫಾಸನ್ನು ಉಳಿಸಿಕೊಂಡ ಆ ದೇಶವೇ ಇಂದು ತನ್ನ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲನ್ನು ಬೇರೆ ನದಿಗಳ ನೀರಿನಿಂದ ಪಡೆಯುತ್ತಿದೆ. ದುಡಿಸಿಕೊಳ್ಳುವುದು ತಪ್ಪಲ್ಲ, ಉಳಿಸಿಕೊಳ್ಳುವುದೂ ತಪ್ಪಲ್ಲ. ಯಾವುದನ್ನು ದುಡಿಸಬೇಕು, ಯಾವುದನ್ನು ಬಿಡಬೇಕು ಎಂದು ಕೇಳುವವರೇ ಇಲ್ಲದಿರುವುದು ತಪ್ಪು. ಸಿಗ್ರಿದುರ್ ಕೇಳಿದಳು, ಅದು ಅವಳ ಹಿರಿಮೆ.

ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಇನ್ನೊಂದು ಸಂಗತಿ ಹೊಳೆಯಿತು. ನಮ್ಮ ಅರ್ಕಾವತಿ ಕಾವೇರಿಯನ್ನು ಕೂಡುವುದು ಶಿವನಸಮುದ್ರಕ್ಕಿಂತ ಕೆಳಗಿನ ಸಂಗಮದಲ್ಲಿ. ಆದುದರಿಂದ ನಂದಿಯ ಮಳೆಹನಿ ಗಗನಚುಕ್ಕಿಯಲ್ಲಿ ಎಂದೂ ಧುಮುಕದು. ಆದರೆ ಗಗನಚುಕ್ಕಿಯಲ್ಲಿ ಧುಮುಕಬೇಕಾಗಿದ್ದ ನೀರು ನಮ್ಮ ಊರಿಗೆ ಬರುತ್ತಿದೆ! ಜಲಪಾತಕ್ಕಿಂತ ಮೇಲೆ ಶಿವ ಅಣೆಕಟ್ಟೆಯ ಬಳಿ ಪಡೆದ ಕಾವೇರಿಯ ನೀರು, ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು, ಸುಮಾರು 100 ಕಿಲೋಮೀಟರ್ ದೂರ ಪಂಪುಗಳಿಂದ ಮೇಲೇರಿ, 1974ರಿಂದ ಬೆಂಗಳೂರನ್ನು ಸೇರುತ್ತಿದೆ. ಆ ನಗರ ಬಳಸಿ ಬಿಟ್ಟ ನೀರು ಸಂಸ್ಕರಣೆಗೊಂಡು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಕೊಳವೆಗಳಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಅಂದು ಬಿದ್ದ ನೀರು ವಿದ್ಯುತ್ತಾಗಿ ಕೋಲಾರಕ್ಕೆ ಬಂದಿತು; ಇಂದು ವಿದ್ಯುತ್ತು ನೀರನ್ನು ಎತ್ತಿ ನಮಗೆ ಕೊಡುತ್ತಿದೆ. ಎರಡು ಹಂತಗಳ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕು ಎಂಬ ರೈತರ ಬೇಡಿಕೆ ನ್ಯಾಯವಾದುದು. ಬಾಯಾರಿದವನೆಂಬ ಕಾರಣಕ್ಕೆ ಯಾವ ನೀರಾದರೂ ಸರಿಯೆಂದು ಅವನ ಬೊಗಸೆಗೆ ಸುರಿಯಲಾಗದು.

ನಮ್ಮ ನಾಡಿಗೆ ತನ್ನದೇ ಆದ ಜಲಪಾತವೊಂದುಂಟು. ಅದರ ಹೆಸರು ಕೋಡಿ. ಹಿರಿಯರು ಕೆರೆಗಳನ್ನು ಸರಪಣಿಯಂತೆ ಕಟ್ಟಿದರು. ಮೇಲಣ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಣ ಕೆರೆಗೆ; ಅದು ತುಂಬಿದರೆ ಅದರಾಚೆಯದಕ್ಕೆ. ತನಗೆ ಸಾಕಾದುದು ಮುಂದಿನವರಿಗೆ ಎಂಬ ಧರ್ಮವನ್ನು ಕಲ್ಲುಮಣ್ಣುಗಳಲ್ಲಿ ಬರೆದಿಟ್ಟವರು ಅವರು. 2021ರ ನವೆಂಬರಿನ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದುವು. ಹೆಂಗಸರು ಬಾಗಿನ ಅರ್ಪಿಸಿದರು, ಮುದುಕರು ಕಣ್ಣೊರಸಿಕೊಂಡರು. ಆ ಕೋಡಿಯ ಎತ್ತರ ಆಳುದ್ದವೂ ಇರಲಾರದು. ಆದರೂ ಅಂದು ಅದನ್ನು ನೋಡಲು ನೆರೆದ ಜನರ ಮುಖದಲ್ಲಿದ್ದ ಹಿಗ್ಗನ್ನು ನಾನು ಗಗನಚುಕ್ಕಿಯ ಪ್ರವಾಸಿಗಳಲ್ಲಿ ಕಾಣಲಿಲ್ಲ.

ಕೆರೆಗೆ ನೀರು ತರುವ ರಾಜಕಾಲುವೆಗಳು ಹೂಳಿನಿಂದಲೂ ಒತ್ತುವರಿಯಿಂದಲೂ ಅಲ್ಲಲ್ಲಿ ಕಡಿದುಹೋಗಿವೆ. ಸರಪಣಿಯ ಒಂದು ಕೊಂಡಿ ಕಳಚಿದರೆ ಕೆಳಗಿನ ಕೆರೆಗಳೆಲ್ಲವೂ ಬರಿದು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಿದ್ದೀರಿ, ಅಧಿಕಾರಿಗಳಿದ್ದೀರಿ, ಪಂಚಾಯಿತಿಯ ಸದಸ್ಯರಿದ್ದೀರಿ, ಉದಾರಿಗಳಾದ ದಾನಿಗಳಿದ್ದೀರಿ. ನೀವು ನಿಮ್ಮ ನಿಮ್ಮ ಊರಿನ ಕೆರೆಯ ಕಾಲುವೆಯುದ್ದಕ್ಕೂ ಒಮ್ಮೆ ನಡೆದು, ನೀರು ಎಲ್ಲಿ ತಡೆದಿದೆಯೆಂದು ನೋಡಿ ಬರಬೇಕೆಂಬುದು ಈ ಪಂಡಿತನ ಬಿನ್ನಹ. ಸಾಧ್ಯವಾದರೆ ಜೊತೆಯಲ್ಲಿ ಶಾಲೆಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿರಿ. ಪದವನ್ನು ನಾವು ತರಗತಿಯಲ್ಲಿ ಕಲಿಸುತ್ತೇವೆ. ಪದಾರ್ಥವನ್ನು ನೀವು ತೋರಿಸಬೇಕು.