ಅಂಗೈ ಅಗಲದ ಡಬ್ಬಿ, ನಾಲ್ಕೂರ ಸುತ್ತಾಟ

ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬೆಳಗಿನ ಒಂಬತ್ತು. ಏಪ್ರಿಲ್ ಬಿಸಿಲು ಆಗಲೇ ನೆತ್ತಿಗೇರಲು ಹವಣಿಸುತ್ತಿತ್ತು. ನಮ್ಮಣ್ಣನ ಮಗ ಚಹಾದಂಗಡಿ ಮುಂದೆ ಕಾಯುತ್ತಿದ್ದ. ಕೈಚೀಲದಿಂದ ಅವನು ಹೊರತೆಗೆದದ್ದು ಎಲೆ-ಅಡಿಕೆ ಡಬ್ಬಿಯಷ್ಟೇ ಇರುವ ಒಂದು ಅಲ್ಯೂಮಿನಿಯಂ ಪೆಟ್ಟಿಗೆ!

"ಕಾಕಾ, ಇದು ಆಂಪ್ಲಿಫೈಯರ್ ರೀ. ಮುನ್ನೂರು ವ್ಯಾಟ್!"

ನಾನು ನಕ್ಕೆ. ಹುಡುಗ ನಗಲಿಲ್ಲ. ರಬಕವಿಯ ಮನೆಯಲ್ಲಿ ಇರುವುದೇ ಎರಡು ಮಗ್ಗ. ಅದರಲ್ಲೊಂದನ್ನು ಮಾರಿ, ಇಂಥ ಆರು ಡಬ್ಬಿ ಕೊಂಡು, ಮೈಕ್‌ಸೆಟ್ ಬಾಡಿಗೆಯ ಧಂದೆಗೆ ಇಳಿಯುವುದು ಅವನ ಲೆಕ್ಕಾಚಾರ. ಮನೆಯಲ್ಲಿರುವ ಹಳೇ ಕಬ್ಬಿಣದ ಆಂಪ್ಲಿಫೈಯರು ಗುಜರಿಗೆ. ಅಪ್ಪ ಒಪ್ಪಿಲ್ಲ. "ನಿಮ್ಮ ಕಾಕಾ ಕೇಳಿ ಹೇಳ್ಲಿ, ಆಮ್ಯಾಲೆ ನೋಡೂಣು" ಅಂದಿದ್ದಾನಂತೆ. ಸಿನಿಮಾ ಪತ್ರಿಕೆಗೆ ಬರೆಯುವವನಿಗೆ ಕಿವಿ ಚುರುಕು ಇರುತ್ತದೆ ಅಂತ ನಮ್ಮಣ್ಣನ ನಂಬಿಕೆ. ಪಾಪ!

ಪಟವರ್ಧನರ ಸಂಸ್ಥಾನವಾಗಿದ್ದ ಆ ಊರಿನಲ್ಲಿ ಅರಮನೆ ನೋಡುವುದು ಬಿಟ್ಟು ಒಂದು ಮೈಕ್ ಅಂಗಡಿ ಹೊಕ್ಕೆವು. ಅಂಗಡಿಯ ಯಜಮಾನರು ಡಬ್ಬಿಯನ್ನು ಮುಟ್ಟಲೂ ಇಲ್ಲ. ಜೊತೆಗೆ ಬಂದಿದ್ದ ಅಡಾಪ್ಟರ್ ತಿರುಗಿಸಿ, ಕನ್ನಡಕ ಏರಿಸಿ ಓದಿದರು. 24 ವೋಲ್ಟ್, 5 ಆಂಪಿಯರ್.

"ಇಪ್ಪತ್ನಾಲ್ಕ ಐದಲೆ ನೂರಾ ಇಪ್ಪತ್ತು. ಒಳಗ ಹೋಗೂದು ನೂರಾ ಇಪ್ಪತ್ತು ವ್ಯಾಟ್, ಹೊರಗ ಮುನ್ನೂರು ಹೆಂಗ ಬರತೈತಿ ತಮ್ಮಾ? ಕೊಟ್ಟಷ್ಟ ನೂಲಿಗೆ ಅಷ್ಟ ಸೀರಿ!"

ಹುಡುಗನ ಮುಖ ಸಣ್ಣದಾಯಿತು. ಆದರೆ ಯಜಮಾನರು ನ್ಯಾಯವಂತರು. ಡಬ್ಬಿಯ ಗುಣವನ್ನೂ ಹೇಳಿದರು. ಇದು ಕ್ಲಾಸ್ ಡಿ ಜಾತಿ. ಹಳೆಯ ಕ್ಲಾಸ್ ಎಬಿ ಸೆಟ್ಟು ಜೋರಾಗಿ ಹಾಡುವಾಗಲೂ ಉಂಡ ಕರೆಂಟಿನ ದೊಡ್ಡ ಪಾಲನ್ನು ಬಿಸಿ ಮಾಡಿಯೇ ಕಳೆಯುತ್ತದೆ. ಕ್ಲಾಸ್ ಡಿ ಯಲ್ಲಿ ಟ್ರಾನ್ಸಿಸ್ಟರು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ಆನ್, ಪೂರ್ತಿ ಆಫ್ ಆಗುತ್ತದೆ. ನಡುವೆ ನಿಂತು ಬೇಯುವುದಿಲ್ಲ. ಆಮೇಲೆ ಕಾಯಿಲ್ ಮತ್ತು ಕೆಪಾಸಿಟರ್ ಸೇರಿ ಆ ಹೊಡೆತಗಳನ್ನು ಸೋಸಿ ಹಾಡು ಮಾಡಿ ಕೊಡುತ್ತವೆ. ಹೀಗಾಗಿ ನೂರಕ್ಕೆ ತೊಂಬತ್ತರಷ್ಟು ಸ್ಪೀಕರಿಗೇ ಮುಟ್ಟುತ್ತದೆ. ಯೋಚನೆ ಹೊಸದೇನಲ್ಲ. ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ 1964ರಲ್ಲೇ ಇಂಥದೊಂದು ಕಿಟ್ ಮಾರಿದ್ದ. ಆ ಕಾಲದ ಟ್ರಾನ್ಸಿಸ್ಟರುಗಳಿಗೆ ಅಷ್ಟು ವೇಗದ ಓಟ ಒಗ್ಗಲಿಲ್ಲ. ಈಗ ಚಿಪ್ಪುಗಳು ಬಂದಿವೆ.

ಅಂದರೆ ನಮ್ಮ ಡಬ್ಬಿಯದು ಎರಡೂ ಕಡೆ ಸೇರಿ ನೂರು ವ್ಯಾಟಿನ ತಾಕತ್ತು. ಕಿವಿಯ ಲೆಕ್ಕದಲ್ಲಿ ನೂರಕ್ಕೂ ಮುನ್ನೂರಕ್ಕೂ ಐದು ಡೆಸಿಬಲ್‌ನಷ್ಟೇ ಅಂತರ. ಸುಳ್ಳು ದೊಡ್ಡದು, ನಷ್ಟ ಸಣ್ಣದು!

ಮಧ್ಯಾಹ್ನಕ್ಕೆ ಮುಧೋಳ. ಘೋರ್ಪಡೆಯವರು ಆಳಿದ ಊರು, ಬೇಟೆನಾಯಿಯ ಊರು. ಆ ನಾಯಿಯನ್ನು ನೀವು ನೋಡಿರಬೇಕು. ನಿಂತಾಗ ಬರೀ ಎಲುಬಿನ ಗೂಡು, ಬಿಟ್ಟರೆ ಬಾಣ. ನಮ್ಮ ಡಬ್ಬಿಯೂ ಅದೇ ತಳಿ ಇರಬಹುದೇ? ಬಯಲಿನಲ್ಲಿ ಪಾರಿಜಾತದವರ ತಾಲೀಮು ನಡೆದಿತ್ತು. ಕರೆಂಟು ಹೋಗಿತ್ತು. ಹುಡುಗ ಗಾಡಿಯ 12 ವೋಲ್ಟ್ ಬ್ಯಾಟರಿಗೆ ಡಬ್ಬಿ ಸಿಕ್ಕಿಸಿ, 8 ಓಮಿನ ಹಾರ್ನಿಗೆ ತಂತಿ ಕೊಟ್ಟ. ಆ ವೋಲ್ಟಿಗೆ ಹೆಚ್ಚೆಂದರೆ 9 ವ್ಯಾಟು. ಆದರೆ ಹಾರ್ನ್ ಎಂಬುದು ಒಂದೇ ವ್ಯಾಟಿಗೆ ಊರು ಎಬ್ಬಿಸುವ ಜಾತಿ. ಭಾಗವತರ ದನಿ ಬಯಲಿನ ಕೊನೆಯ ಬೇವಿನ ಮರದವರೆಗೂ ಪದಪದ ಬಿಡಿಸಿ ಕೇಳಿತು! (ಈ ಊರಿನ ಕವಿ ರನ್ನನ ಭೀಮ ಕೂಗಿದ್ದು ಸರೋವರದ ತಳದಲ್ಲಿ ಅಡಗಿದ್ದ ದುರ್ಯೋಧನನಿಗೂ ಕೇಳಿಸಿತ್ತಲ್ಲ, ಅವನಿಗೆ ಬ್ಯಾಟರಿಯೂ ಬೇಕಿರಲಿಲ್ಲ!) ತಾಲೀಮು ಮುಗಿದಾಗ ಡಬ್ಬಿ ಮುಟ್ಟಿದೆ. ತಣ್ಣಗಿತ್ತು.

ಅಲ್ಲಿನ ಮೈಕಿನವನೊಬ್ಬ ಎರಡು ಎಚ್ಚರಿಕೆ ಕೊಟ್ಟ. ಈ ಡಬ್ಬಿಯ ಎರಡೂ ಮೈನಸ್ ತಂತಿಗಳನ್ನು ಹಳೇ ರೂಢಿಯಂತೆ ಒಂದಕ್ಕೊಂದು ಕೂಡಿಸಿದರೆ ಚಿಪ್ಪು ಸುಟ್ಟೀತು. 100 ವೋಲ್ಟ್ ಲೈನಿನ ಹಾರ್ನುಗಳಿಗೆ ಇದು ನೇರ ಒಗ್ಗದು. ಕೊಳ್ಳುವವರು ನೆನಪಿಡಿ.

ಮರುದಿನ ಬೀಳಗಿ. ಈ ಊರಿಗೆ ಹೋದರೆ ಒಂದೇ ದನಿ ಕೇಳಬೇಕು. ಅಮೀರಬಾಯಿ ಕರ್ನಾಟಕಿ! ಇಲ್ಲೇ ಹುಟ್ಟಿದ ಹೆಣ್ಣುಮಗಳು. 1943ರ 'ಕಿಸ್ಮತ್' ಚಿತ್ರಕ್ಕೆ ಅನಿಲ್ ಬಿಸ್ವಾಸ್ ಸಂಗೀತದಲ್ಲಿ ಹಾಡಿದಳು. ಆ ಚಿತ್ರ ಕಲ್ಕತ್ತೆಯ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. 1965ರಲ್ಲಿ ತೀರಿಕೊಂಡಳು. ಪರಿಚಯದ ಹಿರಿಯರೊಬ್ಬರ ಪಡಸಾಲೆಯಲ್ಲಿ ಅವಳ ಹಾಡು ಹಚ್ಚಿದೆವು. ಹಿರಿಯರು ಕಣ್ಣು ಮುಚ್ಚಿ ಕೇಳಿ ಹೇಳಿದರು: "ಹಿಂದ ಗುಂಯ್ ಅನ್ನೂ ಸಪ್ಪಳ ಇಲ್ಲ ನೋಡ್ರಿ. ಬಾಯಿ ಎದರಿಗೇ ಕುಂತಂಗ ಐತಿ."

ನಿಜ. ಮನೆಯ ಹಳೇ ಸೆಟ್ಟಿನ ಹಮ್ ಕೇಳಿ ಕೇಳಿ ಬೇಸತ್ತ ನನಗೆ ಆ ಮೌನವೇ ಅರ್ಧ ಸಂಗೀತ. ಆದರೆ ರಿಕಾರ್ಡಿನ ಕರಕರ ಮಾತ್ರ ಮೊದಲಿಗಿಂತ ಚೂಪಾಗಿತ್ತು. ಇಂಥ ಅಗ್ಗದ ಡಬ್ಬಿಗಳ ಸೋಸುವ ಕಾಯಿಲ್ ಒಂದು ಓಮಿಗೆ ಅಳತೆ ಮಾಡಿದ್ದು. ಬೇರೆ ಓಮಿನ ಸ್ಪೀಕರು ಹಚ್ಚಿದರೆ ಮೇಲಿನ ಸ್ವರ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಪಕ್ಕದಲ್ಲಿದ್ದ ಮೀಡಿಯಂ ವೇವ್ ರೇಡಿಯೋ ಬೇರೆ ಗರಗರ ಅನ್ನತೊಡಗಿತು. ಹಿರಿಯರು ರೇಡಿಯೋ ಎತ್ತಿಕೊಂಡು ಒಳಗೆ ಹೋದರು. ಹಾಡು ನಿಲ್ಲಿಸಲು ಬಿಡಲಿಲ್ಲ.

ಇಲ್ಲಿಗೇ ನಿಂತಿದ್ದರೆ ಹುಡುಗ ಗೆದ್ದಂತೆ. ಆದರೆ ರಬಕವಿ-ಬನಹಟ್ಟಿ ಉಳಿದಿತ್ತಲ್ಲ!

ಸಂಜೆ ಒಂದು ಮದುವೆ ಮೆರವಣಿಗೆ. ಗಾಡಿಯ ಮೇಲೆ ನಾಲ್ಕು ದೊಡ್ಡ ಸ್ಪೀಕರು, ಎರಡೆರಡು ಜೋಡಿಸಿ ಹಚ್ಚಿದ್ದು, ಕರೆಂಟಿಗೆ ಜನರೇಟರು. ಬೀದಿಯ ಎರಡೂ ಬದಿ ಮಗ್ಗದ ಖಟಖಟ. ಹಾಡಿನಲ್ಲಿ ಡೋಲು ಧಡ್ ಎಂದಾಗಲೆಲ್ಲ ದನಿ ಕಟ್! ಮತ್ತೆ ಬರುವುದು, ಮತ್ತೆ ಕಟ್. ಕುಣಿಯುವವರು ಕಾಲೆತ್ತಿದವರು ಎತ್ತಿದಂತೆಯೇ ನಿಂತರು. ಡಬ್ಬಿ ಮುಟ್ಟಿದರೆ ಉಗುರುಬೆಚ್ಚಗೆ. ಅಡಾಪ್ಟರ್ ಮಾತ್ರ ರೊಟ್ಟಿ ಹಂಚು! ಡೋಲಿನ ಹೊಡೆತ ಕೇಳುವಷ್ಟು ಕರೆಂಟು ಕೊಡಲಾಗದೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತಿತ್ತು. ಕೊನೆಗೆ ಮನೆಯಿಂದ ಆ ಹಳೇ ಕಬ್ಬಿಣದ ಸೆಟ್ಟನ್ನು ಇಬ್ಬರು ಹೊತ್ತು ತಂದರು. ಅದು ಗುಂಯ್ ಅಂದಿತು, ಕಾದಿತು, ಆದರೆ ನಿಲ್ಲಲಿಲ್ಲ.

ರಾತ್ರಿ ಪಂಚಾಯತಿ. ಅಣ್ಣ ಡಬ್ಬಿಯಲ್ಲಿ ಹಾಡು ಹಾಕಿಸಿ ಕೇಳಿದ. "ಸಣ್ಣ ಕೇಳತೈತಿ, ಏರಸು." ಹುಡುಗ ಏರಿಸಿದ. "ಇನ್ನಷ್ಟು." ನನಗೆ ಕಿವಿ ನೋಯುವಷ್ಟಾಗಿತ್ತು. ಆಗ ಹೊಳೆಯಿತು: ಮೂವತ್ತು ವರ್ಷ ಪಾವರ್‌ಲೂಮಿನ ನಡುವೆ ನಿಂತ ಕಿವಿ ಅದು. ಆ ಶೆಡ್ಡುಗಳ ಸಪ್ಪಳ 90 ಡೆಸಿಬಲ್ ದಾಟುತ್ತದೆ. ಮೊದಲು ಹೋಗುವುದು ಮೇಲಿನ ಸ್ವರವೇ. ಬೀಳಗಿಯಲ್ಲಿ ನನ್ನನ್ನು ಚುಚ್ಚಿದ ಆ ಕರಕರ ಅಣ್ಣನಿಗೆ ಕೇಳಿಸಲೇ ಇಲ್ಲ. ಹುಡುಗನೂ ತಲೆಯಾಡಿಸಿ "ಬರೋಬರಿ ಐತಿ" ಅಂದಾಗ ನನಗೆ ಡಬ್ಬಿಯ ಚಿಂತೆ ಬಿಟ್ಟು ಅವನ ಚಿಂತೆ ಹತ್ತಿತು. ಅವನಿಗಿನ್ನೂ ಇಪ್ಪತ್ತೆರಡು.

ತೀರ್ಪು ಹೇಳಿದೆ. ಆರು ಬೇಡ, ಎರಡು ಸಾಕು. ಭಾಷಣ, ಪುರಾಣ, ಪಾರಿಜಾತಕ್ಕೆ ಡಬ್ಬಿ, ಅಡಾಪ್ಟರ್ ಮಾತ್ರ ದೊಡ್ಡದು ತಗೋ. ಮೆರವಣಿಗೆಗೆ ಹಳೇ ಸೆಟ್ಟು, ಗುಜರಿಗೆ ಹಾಕಬೇಡ. ಮಗ್ಗ ಮಾರಬೇಡ. ಮಗ್ಗಕ್ಕೆ ನಿಲ್ಲುವಾಗ ಕಿವಿಗೆ ಹತ್ತಿಯಲ್ಲ, ಅಂಗಡಿಯಲ್ಲಿ ಸಿಗುವ ಇಯರ್‌ಪ್ಲಗ್ ಹಾಕು.

ಹುಡುಗ ಸುಮ್ಮನೆ ಕುಳಿತ. ಅಣ್ಣ ಕಿವಿಗೆ ಅಂಗೈ ಹಚ್ಚಿ ಮುಂದೆ ಬಾಗಿದ.

"ಏನಂದಿ? ಜೋರ್ಲೆ ಹೇಳು."