ಕಾಣದ ಎಳೆ

ಭಿವಂಡಿಯಲ್ಲಿ ಮಗ್ಗದ ಸದ್ದು ನಿಂತರೇ ನಮಗೆ ನಿದ್ದೆ ಬಾರದು. ಆದರೆ ಆರು ವರ್ಷ ನಮ್ಮ ನಿದ್ದೆ ಕೆಡಿಸಿದ್ದು ಬೇರೆಯೇ ಚಿಂತೆ. ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಅತ್ತೆ-ಮಾವಂದಿರಾದ ನಾವು ಸೊಸೆಯೊಬ್ಬಳನ್ನೇ ವೈದ್ಯರ ಬಳಿ ಅಲೆಸಿದೆವು, ಸುಬ್ರಹ್ಮಣ್ಯಕ್ಕೆ ಹರಕೆ ಹೊರಿಸಿದೆವು, ನೆಂಟರ ಸೀಮಂತಕ್ಕೆ ಬರಬೇಡವೆಂದೂ ಹೇಳಿದೆವು. ಮಗನನ್ನು ಪರೀಕ್ಷಿಸಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಕಡೆಗೆ ಠಾಣೆಯ ವೈದ್ಯರೊಬ್ಬರು ಇಬ್ಬರನ್ನೂ ಕರೆಸಿದರು. ಸೊಸೆಯಲ್ಲಿ ದೋಷವಿರಲಿಲ್ಲ. ಮಗನ ವೀರ್ಯಾಣುಗಳ ಎಣಿಕೆ, ಓಟ ಎರಡೂ ಸರಿಯಾಗಿದ್ದವು. ಆದರೆ ಪ್ರಯೋಗಾಲಯದಲ್ಲಿ ಅವು ಅಂಡದೊಳಗೆ ಸೇರಲಿಲ್ಲ. ಕಾರಣ ಸೂಕ್ಷ್ಮದರ್ಶಕಕ್ಕೆ ಸಿಗುವಂಥದ್ದಲ್ಲವೆಂದರು.

ಬೆಂಗಳೂರಿನಿಂದ ಬಂದ ಸೋದರಳಿಯ ನಮಗೆ ಬಿಡಿಸಿ ಹೇಳಿದ. ದೇಹದ ಕೆಲಸವೆಲ್ಲ ಪ್ರೋಟೀನುಗಳದು. ಅವನ್ನು ತಯಾರಿಸುವ ಜೀನುಗಳು ಸುಮಾರು 20 ಸಾವಿರ. ಪ್ರೋಟೀನನ್ನು ತುಂಡರಿಸಿ, ತುಂಡುಗಳಿಗೆ ವಿದ್ಯುದಂಶ ಕೊಟ್ಟು, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ತೂಗಿದರೆ ಅದು ಯಾವ ಜೀನಿನದೆಂದು ಗುರುತಿಸಬಹುದಂತೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಕೂಡಿ, 30 ಬಗೆಯ ಅಂಗಾಂಶ-ಕೋಶಗಳಿಂದ 17,294 ಜೀನುಗಳ ಪ್ರೋಟೀನು ಕಂಡು 2014ರಲ್ಲಿ ಪ್ರಕಟಿಸಿದರು. ನಮ್ಮೂರಿನವರ ಈ ಕೆಲಸ ಕೇಳಿ ಹೆಮ್ಮೆಯೆನಿಸಿತು.

ಉಳಿದವು ಎಲ್ಲಿ? ಕೆಲವು ಪ್ರೋಟೀನುಗಳು ಒಂದೇ ಬಗೆಯ ಕೋಶದಲ್ಲಿ, ಅದೂ ಅತ್ಯಲ್ಪವಾಗಿ ಇರುತ್ತವೆ. ಅದಕ್ಕೇ ಫ್ರಾನ್ಸ್, ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ವೀರ್ಯಾಣುಗಳನ್ನೇ ಶೋಧಿಸಿ, ಅಲ್ಲಿಯವರೆಗೆ ಯಾರಿಗೂ ಸಿಗದಿದ್ದ 206 ಪ್ರೋಟೀನುಗಳ ಇರವನ್ನು 2016ರಲ್ಲಿ ದೃಢಪಡಿಸಿದರು. ಇಂಥದೊಂದು ಇಲ್ಲದಿದ್ದರೆ ಏನಾದೀತು? 2005ರಲ್ಲಿ ಜಪಾನಿನವರು ಇಲಿಗಳಲ್ಲಿ ತೋರಿಸಿದರು: 'ಇಜುಮೊ' ಎಂಬ ಒಂದು ಪ್ರೋಟೀನು ಇಲ್ಲದ ವೀರ್ಯಾಣು ಚೆನ್ನಾಗಿ ಈಜುತ್ತದೆ, ಆದರೆ ಅಂಡದೊಡನೆ ಕೂಡಲಾರದು. ಇಜುಮೊ ಎಂದರೆ ಅಲ್ಲಿಯ ವಿವಾಹದೇವತೆಯ ಗುಡಿಯ ಹೆಸರು!

ಮಗನಲ್ಲಿ ಕೊರತೆಯಾಗಿರುವುದು ಯಾವುದೆಂದು ವೈದ್ಯರೂ ಹೇಳಲಾರರು. ಹಾಸಿನಲ್ಲಿ ಒಂದೆಳೆ ತುಂಡಾದರೆ ನೇಕಾರನನ್ನು ಯಾರೂ ಶಪಿಸುವುದಿಲ್ಲ. ನಾವು ಮಾತ್ರ ಪಕ್ಕದ ಎಳೆಯನ್ನು ಶಪಿಸಿದ್ದೆವು. ಸೂಜಿಯಿಂದ ಒಂದೇ ವೀರ್ಯಾಣುವನ್ನು ಅಂಡದೊಳಗಿಡುವ ವಿಧಾನ 1992ರಿಂದ ಇದೆ. ಅದನ್ನು ಮಾಡಿಸುವುದೋ ಬಿಡುವುದೋ ಮಕ್ಕಳಿಬ್ಬರ ಇಷ್ಟ, ಖರ್ಚು ನಮ್ಮದು.

ಅಂದು ರಾತ್ರಿ ಸೊಸೆಯನ್ನು ಕೂರಿಸಿಕೊಂಡು, "ತಪ್ಪಾಯಿತು ಮಗಳೇ" ಎಂದೆವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅನ್ನ ಆರುತ್ತಿದೆ, ಏಳಿ ಅತ್ತೆ" ಎಂದಳು.

ಓದುಗರೇ, ನಿಮ್ಮ ಮನೆಯಲ್ಲಿ ಇಂಥ ಚಿಂತೆಯಿದ್ದರೆ ಮೊದಲು ಇಬ್ಬರನ್ನೂ ಕೂಡಿ ಕಳಿಸಿ. ನಮ್ಮಂತೆ ಆರು ವರ್ಷ ಕಾಯಬೇಡಿ.