ಮಸ್ಕತ್‌ನ ಬಿಸಿಲು, ಅಮ್ಮನ ಮೊದಲ ಕುರ್ತಾ

ಮೇ ತಿಂಗಳಲ್ಲಿ ಮಸ್ಕತ್‌ಗೆ ಹೋಗ್ತಿದ್ದೀನಿ ಅಂದ ಕೂಡಲೇ ಆಫೀಸಿನಲ್ಲಿ ಎರಡು ಪ್ರಶ್ನೆ ಬಂದವು. ಒಂದು, ‘ಆ ಬಿಸಿಲಲ್ಲಿ ಯಾರಾದ್ರೂ ಹೋಗ್ತಾರಾ?’ ಇನ್ನೊಂದು, ‘ಅಲ್ಲಿ ಬುರ್ಖಾ ಹಾಕ್ಕೋಬೇಕಾ?’

ಮೊದಲನೆಯದಕ್ಕೆ ಉತ್ತರ ಸುಲಭ. ಅಕ್ಕ ಒಂಬತ್ತು ವರ್ಷದಿಂದ ಅಲ್ಲಿದ್ದಾಳೆ. ನನಗೆ ಎರಡು ವಾರ ರಜೆ ಸಿಕ್ಕಿದ್ದು ಮೇ ಕೊನೆಯಲ್ಲಿ. ಅಮ್ಮನಿಗೆ ಅರವತ್ತೆರಡಾದರೂ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಬಿಸಿಲು ಇಳಿಯಲಿ ಅಂತ ಕಾದರೆ ಈ ಮೂರೂ ಒಟ್ಟಿಗೆ ಕೂಡಿಬರುವುದು ಕಷ್ಟ. ಎರಡನೇ ಪ್ರಶ್ನೆಗೆ ಚಿಕ್ಕ ಉತ್ತರ: ಬೇಡ. ದೊಡ್ಡ ಉತ್ತರಕ್ಕೆ ಸ್ವಲ್ಪ ಪುರುಸೊತ್ತು ಬೇಕು. ಅದರಲ್ಲಿ ನಮ್ಮಮ್ಮನೂ ಬರುತ್ತಾಳೆ.

ದಾವಣಗೆರೆ ಸೆಕೆಯೇ ಬೇರೆ

ನಾವು ದಾವಣಗೆರೆಯವರು. ಬಿಸಿಲು ನಮಗೆ ಹೊಸದಲ್ಲ. ಆದರೆ ನಮ್ಮದು ಒಣ ಬಿಸಿಲು. ಮಸ್ಕತ್‌ನ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಒಂದು ಹುಲ್ಲುಕಡ್ಡಿಯೂ ಕಾಣದ ಕಂದು ಬಂಡೆಯ ಬೆಟ್ಟಸಾಲು. ನಡುವೆ ಉದ್ದಕ್ಕೆ ಹಬ್ಬಿಕೊಂಡ ಬಿಳಿ ಊರು. ಬೆಟ್ಟ ಹಗಲೆಲ್ಲ ಕಾಯುತ್ತದೆ, ಸಮುದ್ರ ತೇವ ಕಳಿಸುತ್ತದೆ. ನಲವತ್ತು ಡಿಗ್ರಿ ದಾಟಿದ ಶಾಖಕ್ಕೆ ಈ ತೇವ ಸೇರಿದರೆ ಬೆವರು ಆರುವುದೇ ಇಲ್ಲ, ಮೈಮೇಲೆ ಹಾಗೇ ನಿಲ್ಲುತ್ತದೆ. ವಿಮಾನ ನಿಲ್ದಾಣದಿಂದ ಆಚೆ ಬಂದಾಗ ನನ್ನ ಕನ್ನಡಕ ಪೂರ್ತಿ ಮಂಜಾಗಿ ಎರಡು ನಿಮಿಷ ಏನೂ ಕಾಣಲಿಲ್ಲ.

ಒಮಾನ್‌ನಲ್ಲಿ ಜೂನ್ 1ರಿಂದ ಆಗಸ್ಟ್ ಕೊನೆಯವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಕಟ್ಟಡ ಕೆಲಸದಂಥ ಹೊರಗಿನ ಕೆಲಸ ಮಾಡಿಸುವಂತಿಲ್ಲ ಅನ್ನುವ ಕಾನೂನೇ ಇದೆ. ನಾವು ಹೋದಾಗ ಜೂನ್ ಇನ್ನೂ ಶುರುವಾಗಿರಲಿಲ್ಲ. ಆದರೂ ಅಕ್ಕ ನಮಗೆ ಅದೇ ಕಾನೂನು ಹಾಕಿದಳು: ಬೆಳಗ್ಗೆ ಆರೂವರೆಗೆ ಮನೆ ಬಿಡಬೇಕು, ಹನ್ನೊಂದಕ್ಕೆ ವಾಪಸ್, ಮತ್ತೆ ಸಂಜೆ ಐದರ ಮೇಲೆ. ಬಿಸಿಲಿನ ದೇಶಕ್ಕೆ ಹೋಗುವವರಿಗೆ ಯಾವ ಬಟ್ಟೆಗಿಂತ ಮೊದಲು ಬೇಕಾದ್ದು ಈ ಟೈಮ್‌ಟೇಬಲ್.

ಮೊದಲ ಎರಡು ದಿನ ಅಮ್ಮ ಎಂದಿನಂತೆ ಸೀರೆಯಲ್ಲೇ ಇದ್ದಳು. ಸೀರೆಗೆ ಅಲ್ಲಿ ಯಾರದೂ ತಕರಾರಿಲ್ಲ. ಭಾರತೀಯರೇ ತುಂಬಿರುವ ರೂವಿ ಬೀದಿಗಳಲ್ಲಿ ಸೀರೆ ಉಟ್ಟವರು ಬೇಕಾದಷ್ಟು ಜನ ಸಿಗುತ್ತಾರೆ. ತಕರಾರು ಬಂದದ್ದು ಅಮ್ಮನ ಮೈಯಿಂದಲೇ. ಲಂಗದ ಲಾಡಿ ಬಿಗಿದ ಜಾಗದಲ್ಲಿ, ಬ್ಲೌಸ್‌ನ ಕಂಕುಳಲ್ಲಿ ಬೆವರುಸಾಲೆ ಎದ್ದು ರಾತ್ರಿಯಿಡೀ ತುರಿಕೆ. ಅಕ್ಕ ತನ್ನ ಬೀರುವಿನಿಂದ ಒಂದು ಅಗಲವಾದ ಹತ್ತಿ ಕುರ್ತಾ, ಸಡಿಲ ಪೈಜಾಮ ತೆಗೆದು ಮಂಚದ ಮೇಲಿಟ್ಟಳು. ಅಮ್ಮ ಅದನ್ನ ಮುಟ್ಟಲೂ ಇಲ್ಲ. ‘ಈ ವಯಸ್ಸಲ್ಲಿ ಚೂಡಿದಾರ ಹಾಕ್ಕೊಂಡು ಏನ್ ಮಾಡ್ಲವ್ವ, ಬಿಡು’ ಅಂದಳು.

ಇದರ ಹಿಂದೆ ಒಂದು ಕಥೆ ಇದೆ. ಮದುವೆಯಾದ ಹೊಸದರಲ್ಲಿ ಅಪ್ಪ ಬೆಂಗಳೂರಿಂದ ಅಮ್ಮನಿಗೆ ಒಂದು ಚೂಡಿದಾರ ತಂದಿದ್ದರಂತೆ. ಅಜ್ಜಿ ನೋಡಿ, ‘ನಮ್ಮನೇ ಸೊಸೆಯಂದ್ರು ಇಂಥದ್ದು ಹಾಕಲ್ಲ’ ಅಂದರಂತೆ. ಅಷ್ಟೇ. ಟ್ರಂಕ್ ಸೇರಿದ ಆ ಬಟ್ಟೆ ನಾಲ್ಕು ವರ್ಷ ಆದ ಮೇಲೆ ಅಕ್ಕನ ಫ್ರಾಕ್ ಆಗಿ ಹೊರಗೆ ಬಂತು. ಆಮೇಲೆ ಅಮ್ಮನೂ ಕೇಳಲಿಲ್ಲ, ಬೇರೆ ಯಾರೂ ತರಲಿಲ್ಲ.

ಬಿಳಿ ಅಂಗಿಯ ಒಳಗೆ ಲುಂಗಿ

ಅಲ್ಲಿಯವರು ಈ ಸೆಕೆಯಲ್ಲಿ ಮೈತುಂಬ ಬಟ್ಟೆ ಹಾಕಿಕೊಂಡು ಹೇಗಿರುತ್ತಾರೆ ಅನ್ನೋದು ನನಗೆ ದೊಡ್ಡ ಕುತೂಹಲವಾಗಿತ್ತು. ಮತ್ರಾ ಸೂಕ್ ಅನ್ನೋ ಹಳೇ ಪೇಟೆಗೆ ಸಂಜೆ ಹೋದಾಗ ಸ್ವಲ್ಪ ಅರ್ಥವಾಯಿತು. ಲೋಬಾನದ ಹೊಗೆ ತುಂಬಿದ ಸಣ್ಣ ಓಣಿಗಳಲ್ಲಿ ಒಂದು ಕಡೆ ಗಂಡಸರ ಬಟ್ಟೆ ಅಂಗಡಿಗಳ ಸಾಲಿದೆ. ಒಮಾನಿ ಗಂಡಸರು ಹಾಕುವ ಉದ್ದ ನಿಲುವಂಗಿ ‘ದಿಶ್‌ದಾಶಾ’. ಕಾಲರ್ ಇಲ್ಲ, ಕತ್ತಿನ ಹತ್ತಿರ ಒಂದು ಸಣ್ಣ ಕುಚ್ಚು. ಅದಕ್ಕೆ ಅತ್ತರು ಹಚ್ಚುತ್ತಾರೆ. ತಲೆಗೆ ‘ಕುಮ್ಮಾ’ ಟೋಪಿ. ಅದರ ಕಸೂತಿಯನ್ನ ಹತ್ತಿರದಿಂದ ನೋಡಿದರೆ ಎಲ್ಲ ಸಣ್ಣ ಸಣ್ಣ ತೂತು, ಗಾಳಿ ಆಡಲಿ ಅಂತ. ಅಮ್ಮನಿಗೆ ಖುಷಿ ಆದದ್ದು ಇನ್ನೊಂದಕ್ಕೆ: ದಿಶ್‌ದಾಶಾ ಒಳಗೆ ಅವರು ಸುತ್ತಿಕೊಳ್ಳುವ ‘ವಿಝಾರ್’. ಅಂಗಡಿಯವನು ಬಿಚ್ಚಿ ತೋರಿಸಿದರೆ ಸಾಕ್ಷಾತ್ ನಮ್ಮ ಲುಂಗಿ! ‘ಹಂಗಾರೆ ಇವರೂ ನಮ್ಮಂಗೇ’ ಅಂದಳು ಅಮ್ಮ.

ಹೆಂಗಸರು ಹೆಚ್ಚಾಗಿ ಕಪ್ಪು ಅಬಾಯಾ ಹಾಕುತ್ತಾರೆ. ಕಪ್ಪು ಬಣ್ಣ ಶಾಖ ಹೀರುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಮರಳುಗಾಡಿನ ಬೆಡೊಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ? ಈ ಪ್ರಶ್ನೆಯನ್ನೇ ಹಿಡಿದು ವಿಜ್ಞಾನಿಗಳು ನೆಗೆವ್ ಮರುಭೂಮಿಯಲ್ಲಿ ಅಳತೆ ಮಾಡಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರುವುದು ನಿಜ. ಆದರೆ ಬಟ್ಟೆ ಸಡಿಲವಾಗಿದ್ದರೆ ಆ ಹೆಚ್ಚಿನ ಶಾಖ ಚರ್ಮಕ್ಕೆ ತಲುಪುವ ಮೊದಲೇ ಹೋಗಿಬಿಡುತ್ತದೆ. ಕಪ್ಪಾಗಲಿ ಬಿಳಿಯಾಗಲಿ, ಮೈಗೆ ತಟ್ಟುವ ಶಾಖ ಹೆಚ್ಚುಕಡಿಮೆ ಒಂದೇ. ಅಂದರೆ ಬಣ್ಣದಷ್ಟೇ ಮುಖ್ಯ ಬಟ್ಟೆಗೂ ಮೈಗೂ ನಡುವಿನ ಗಾಳಿ. ಮಸ್ಕತ್‌ನಂಥ ತೇವದ ಊರಿನಲ್ಲಿ ಮರುಭೂಮಿಯಷ್ಟು ಅನುಕೂಲ ಇರಲ್ಲ. ಆದರೂ ಬಿಗಿ ಜೀನ್ಸ್, ಟೀ ಶರ್ಟ್‌ಗಿಂತ ಉದ್ದನೆಯ ಸಡಿಲ ಬಟ್ಟೆಯೇ ಮೇಲು ಅನ್ನೋದು ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ದೊಡ್ಡ ಮಸೀದಿಯಲ್ಲಿ

ಮಸ್ಕತ್‌ಗೆ ಹೋದವರು ತಪ್ಪದೇ ನೋಡುವುದು ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿ. 2001ರಲ್ಲಿ ಉದ್ಘಾಟನೆ ಆದದ್ದು. ಮುಸ್ಲಿಮರಲ್ಲದವರಿಗೆ ಶುಕ್ರವಾರ ಬಿಟ್ಟು ಉಳಿದ ದಿನ ಬೆಳಗ್ಗೆ 8ರಿಂದ 11ರ ತನಕ ಪ್ರವೇಶ. ಬಟ್ಟೆಯ ವಿಷಯದಲ್ಲಿ ನಿಜವಾಗಿ ಕಟ್ಟುನಿಟ್ಟು ಇರುವುದು ಇಲ್ಲೇ. ಹೆಂಗಸರಿಗೆ ಕೂದಲು ಮುಚ್ಚಿರಬೇಕು, ತೋಳು ಮಣಿಕಟ್ಟಿನ ತನಕ, ಕೆಳಗೆ ಪಾದದ ಗಂಟಿನ ತನಕ. ತೆಳುವಾಗಿ ಮೈ ಕಾಣುವ ಬಟ್ಟೆ, ಮೈಗಂಟುವ ಬಟ್ಟೆ ನಡೆಯಲ್ಲ. ಗಂಡಸರಿಗೆ ಉದ್ದ ಪ್ಯಾಂಟ್ ಇರಬೇಕು, ಭುಜ ಮುಚ್ಚಿರಬೇಕು. ಬಟ್ಟೆ ಸರಿಯಿಲ್ಲ ಅಂದರೆ ಅಲ್ಲೇ ಅಬಾಯಾ ಬಾಡಿಗೆಗೆ ಸಿಗುತ್ತದೆ.

ಹಾಗಾಗಿ ಅಮ್ಮನ ಸೀರೆಗೆ ಇಲ್ಲಿ ಕಷ್ಟ. ಬ್ಲೌಸ್ ಮೊಣಕೈ ಮುಟ್ಟಲ್ಲ, ಸೊಂಟ ಕಾಣುತ್ತದೆ. ಹಿಂದಿನ ರಾತ್ರಿ ಅಕ್ಕ ಎರಡು ದಾರಿ ಹೇಳಿದಳು: ಸೀರೆ ಮೇಲೆ ಬಾಡಿಗೆ ಅಬಾಯಾ, ಇಲ್ಲ ಕುರ್ತಾ. ಅಮ್ಮ ತುಂಬಾ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಕೇಳಿದಳು, ‘ನಲವತ್ತು ವರ್ಷ ಸೀರೆನೇ ಮರ್ಯಾದೆ ಅಂತ ಉಟ್ಟೆ. ಇಲ್ಲಿ ಅದು ಸಾಲಲ್ಲ. ಅಲ್ಲಿ ಬ್ಯಾಡ ಅಂದಿದ್ದು ಇಲ್ಲಿ ಮರ್ಯಾದೆ. ಇದ್ಯಾವ ನ್ಯಾಯ ಹೇಳು?’

ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಅಮ್ಮ ಆಗಲೇ ಸ್ನಾನ ಮುಗಿಸಿ, ಕುರ್ತಾ ಹಾಕಿಕೊಂಡು, ಕನ್ನಡಿ ಮುಂದೆ ದುಪಟ್ಟಾ ಸರಿಮಾಡಿಕೊಳ್ತಿದ್ದಳು. ನಾವು ಏನೂ ಮಾತಾಡಲಿಲ್ಲ. ಮಾತಾಡಿದರೆ ಬಿಚ್ಚಿಬಿಡ್ತಾಳೆ ಅನ್ನೋ ಭಯ.

ಮಸೀದಿಯ ಒಳಗೆ ಹೋದವರು ಮೊದಲು ಮೇಲೆ ನೋಡುತ್ತಾರೆ, 14 ಮೀಟರ್ ಎತ್ತರದ ತೂಗುದೀಪ ಇದೆ. ನಾನು ಹೆಚ್ಚು ಹೊತ್ತು ನೋಡಿದ್ದು ಕೆಳಗೆ. ಪ್ರಾರ್ಥನಾ ಸಭಾಂಗಣವನ್ನೆಲ್ಲ ಆವರಿಸಿದ ಒಂದೇ ರತ್ನಗಂಬಳಿ. 21 ಟನ್ ತೂಕ, 170 ಕೋಟಿ ಗಂಟು. ಇರಾನ್‌ನ ಸುಮಾರು 600 ಹೆಂಗಸರು ನಾಲ್ಕು ವರ್ಷ ಕೂತು ನೇಯ್ದದ್ದು. ಗೋಡೆಗೆ ಬಳಸಿದ ಮರಳುಗಲ್ಲು ಭಾರತದಿಂದ ಹೋದದ್ದು, 3 ಲಕ್ಷ ಟನ್. ‘ನಮ್ ಕಲ್ಲು ಕಣವ್ವ’ ಅಂತ ಅಮ್ಮ ಗೋಡೆ ಸವರಿ ನೋಡಿದಳು.

ಒಂದು ವಿಷಯ ಮಾತ್ರ ನನಗೆ ಚುಚ್ಚಿತು, ಅದನ್ನೂ ಹೇಳಬೇಕು. ದೊಡ್ಡ ಸಭಾಂಗಣದಲ್ಲಿ 6,500ಕ್ಕೂ ಹೆಚ್ಚು ಜನ ಪ್ರಾರ್ಥನೆ ಮಾಡಬಹುದು. ಹೆಂಗಸರಿಗೆ ಅಂತ ಇರುವ ಬೇರೆ ಸಭಾಂಗಣದಲ್ಲಿ ಜಾಗ 750 ಜನಕ್ಕೆ. ಬಟ್ಟೆಯ ನಿಯಮದ ಪಟ್ಟಿಯೂ ಹೆಂಗಸರಿಗೇ ಉದ್ದ. ಭಾವ ದಿನಾ ಹಾಕುವ ಪ್ಯಾಂಟ್, ಶರ್ಟ್‌ನಲ್ಲೇ ಒಳಗೆ ಬಂದರು. ನಾವು ಮೂವರು ಹಿಂದಿನ ರಾತ್ರಿಯಿಂದ ತಯಾರಿ ಮಾಡಿದ್ದೆವು. ಇದನ್ನ ಅಲ್ಲಿಯವರ ಮೇಲೆ ಮಾತ್ರ ಹಾಕಿ ಕೈತೊಳೆದುಕೊಳ್ಳೋಕೂ ಆಗಲ್ಲ. ಧರ್ಮಸ್ಥಳದಲ್ಲಿ, ಉಡುಪಿ ಕೃಷ್ಣಮಠದಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು. ದೇವರ ಮುಂದೆ ಒಂದು ಕಡೆ ಬಿಚ್ಚುವುದು ಮರ್ಯಾದೆ, ಇನ್ನೊಂದು ಕಡೆ ಮುಚ್ಚುವುದು ಮರ್ಯಾದೆ. ಹೋದ ಮನೆಯ ರೀತಿ ಪಾಲಿಸೋದು ನನಗೆ ಕಷ್ಟ ಅನಿಸಲಿಲ್ಲ. ಆದರೆ ರೀತಿಯ ಭಾರ ಯಾರ ಮೇಲೆ ಹೆಚ್ಚು ಅಂತ ಗಮನಿಸೋದನ್ನ ಬಿಡೋಕೂ ಆಗಲಿಲ್ಲ.

ಊರ ಹೊರಗೆ

ಮಸೀದಿಯ ಹೊರಗೆ ಕೂದಲು ಮುಚ್ಚಬೇಕಿಲ್ಲ. ಭುಜ ಮತ್ತು ಮೊಣಕಾಲು ಮುಚ್ಚಿದ್ದರೆ ಮಾಲ್, ಹೋಟೆಲ್, ಪೇಟೆ ಎಲ್ಲ ಕಡೆ ಸಲೀಸು. ಹಳ್ಳಿ, ಸಣ್ಣ ಊರುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು ಮುಚ್ಚಿದರೆ ನಮಗೇ ನೆಮ್ಮದಿ. ನಿಜ್ವಾ ಊರಿನ ಶುಕ್ರವಾರದ ಮೇಕೆ ಸಂತೆಗೆ ಬೆಳಗ್ಗೆ ಏಳಕ್ಕೆಲ್ಲ ತಲುಪಿದ್ದೆವು. ಮೇಕೆ ಹಿಡಿದು ವೃತ್ತಾಕಾರದಲ್ಲಿ ಸುತ್ತುವವರು, ಕೂಗಿ ದರ ಹೇಳುವವರು, ನಡುವೆ ಮುಖಕ್ಕೆ ಚೂಪು ಮುಖವಾಡ ಕಟ್ಟಿದ ಬೆಡೊಯಿನ್ ಹೆಂಗಸರು. ಅವರೂ ಗಟ್ಟಿಯಾಗಿ ಚೌಕಾಸಿ ಮಾಡುತ್ತಿದ್ದರು. ಫೋಟೋ ತೆಗೆಯುವ ಮುಂಚೆ ಕೇಳಬೇಕು, ಹೆಂಗಸರದ್ದಂತೂ ಕೇಳದೆ ತೆಗೆಯಲೇಬಾರದು. ಆಮೇಲೆ ಪಕ್ಕದಲ್ಲೇ ಇರುವ 17ನೇ ಶತಮಾನದ ಕೋಟೆಯ ದುಂಡು ಬುರುಜು ಹತ್ತಿದೆವು. ಕಡಿದಾದ ಮೆಟ್ಟಿಲು. ಸೀರೆಯಲ್ಲಾದರೆ ಅಮ್ಮ ಕೆಳಗೇ ಕೂತಿರುತ್ತಿದ್ದಳು. ಕುರ್ತಾದಲ್ಲಿ ನಮಗಿಂತ ಮುಂದೆ ಹೋದಳು.

ಸೂರ್ ಕಡೆ ಹೋಗುವ ಹೆದ್ದಾರಿಯ ಪಕ್ಕ ಬಿಮ್ಮಾ ಸಿಂಕ್‌ಹೋಲ್ ಇದೆ. ಸುಣ್ಣದ ಕಲ್ಲು ಕುಸಿದು ಆದ ದೊಡ್ಡ ಗುಂಡಿ, ತಳದಲ್ಲಿ ಹಸಿರು ನೀಲಿ ನೀರು. ಅಲ್ಲಿ ಈಜುವ ಹೆಂಗಸರು ಟೀ ಶರ್ಟ್, ಲೆಗ್ಗಿಂಗ್ಸ್‌ನಲ್ಲಿ ಇಳಿಯುತ್ತಾರೆ. ಈಜುಡುಗೆ ಹೋಟೆಲ್ ಕೊಳಕ್ಕೆ ಸರಿ, ಇಂಥ ಸಾರ್ವಜನಿಕ ನೀರಿಗೆ ಬೇಡ. ಅಮ್ಮ ಪೈಜಾಮ ಸ್ವಲ್ಪ ಮೇಲೆತ್ತಿ ಕಾಲು ಇಳಿಬಿಟ್ಟು ಕೂತಳು. ಸಣ್ಣ ಮೀನು ಬಂದು ಪಾದ ಕಚ್ಚತೊಡಗಿದವು. ‘ಅಯ್ಯೋ, ಕಚಗುಳಿ ಇಡ್ತವೆ’ ಅಂತ ಅವಳು ನಕ್ಕ ಹಾಗೆ ನಕ್ಕದ್ದನ್ನ, ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ.

ಹಳೇ ಮಸ್ಕತ್‌ನ ಅರಮನೆಯ ಹತ್ತಿರದ ಶಿವ ದೇವಸ್ಥಾನಕ್ಕೆ ಸೋಮವಾರ ಹೋದಾಗ ಮಾತ್ರ ಅಮ್ಮ ಮತ್ತೆ ಸೀರೆ ಉಟ್ಟಳು. ಯಾರೂ ಹೇಳಿರಲಿಲ್ಲ. ಅದು ಅವಳಿಗೆ ಬೇಕಾಗಿತ್ತು.

ಬ್ಯಾಗ್‌ಗೆ ಏನೇನು?

ಹೋಗುವವರಿಗೆ ಉಪಯೋಗವಾಗಲಿ ಅಂತ, ನಮಗೆ ನಿಜಕ್ಕೂ ಕೆಲಸಕ್ಕೆ ಬಂದ ಪಟ್ಟಿ:

• ಮೊಣಕಾಲು ದಾಟುವ ಸಡಿಲ ಹತ್ತಿ ಅಥವಾ ಲಿನನ್ ಕುರ್ತಾ ನಾಲ್ಕು. ಒಂದಾದರೂ ಪೂರ್ತಿ ತೋಳಿನದ್ದು ಇರಲಿ. ತಿಳಿ ಬಣ್ಣದ ತೆಳು ಬಟ್ಟೆ ಬೆವರಿದಾಗ ಮೈ ಕಾಣುತ್ತದೆ, ಒಳಗೆ ಹತ್ತಿಯ ಶಮೀಜು ಬೇಕು.

• ಲೆಗ್ಗಿಂಗ್ಸ್ ಬದಲು ಪಲಾಝೋ ಅಥವಾ ಅಗಲ ಪೈಜಾಮ. ತೊಡೆ ಉಜ್ಜಿ ಉರಿಯುವವರು ಒಳಗೆ ಹತ್ತಿಯ ಸಣ್ಣ ಶಾರ್ಟ್ಸ್ ಹಾಕಿ.

• ದೊಡ್ಡ ಹತ್ತಿ ದುಪಟ್ಟಾ ಎರಡು, ನಾಲ್ಕು ಪಿನ್ನು. ಶಿಫಾನ್ ತಲೆ ಮೇಲೆ ನಿಲ್ಲಲ್ಲ, ಜಾರುತ್ತಲೇ ಇರುತ್ತದೆ. ಹೊರಗೆ ಬಿಸಿಲಿಗೆ, ಮಸೀದಿಯಲ್ಲಿ ತಲೆಗೆ, ಮಾಲ್‌ನ ಎಸಿ ಚಳಿಗೆ ಒಂದೇ ದುಪಟ್ಟಾ ಸಾಕು.

• ಸುಲಭವಾಗಿ ಬಿಚ್ಚುವ ಚಪ್ಪಲಿ, ಜೊತೆಗೆ ಒಂದು ಜೊತೆ ಸಾಕ್ಸ್. ಚಪ್ಪಲಿ ಬಿಟ್ಟ ಮೇಲೆ ಬಿಸಿಲಿಗೆ ಕಾದ ಕಲ್ಲು ಅಂಗಾಲು ಸುಡುತ್ತದೆ.

• ಗಂಡಸರಿಗೆ: ತೆಳು ಹತ್ತಿ ಪ್ಯಾಂಟ್ ಎರಡು, ಸಡಿಲ ಶರ್ಟ್. ಚಡ್ಡಿ ಮೊಣಕಾಲು ಮುಚ್ಚುವಷ್ಟು ಉದ್ದ ಇದ್ದರೆ ಸಮುದ್ರದ ದಂಡೆಗೆ ಸರಿ, ಮಸೀದಿಗೆ ಬೇಡ.

• ನೀರಿನ ಬಾಟಲಿ, ಒಆರ್‌ಎಸ್ ಪೊಟ್ಟಣ, ಬೆವರುಸಾಲೆ ಪೌಡರ್.

ವಾಪಸ್ ಬರುವ ಹಿಂದಿನ ದಿನ ಅಕ್ಕನ ಆ ಕುರ್ತಾ ಒಗೆದು ಮಡಚಿ ಅಮ್ಮನ ಸೂಟ್‌ಕೇಸ್ ಸೇರಿತು. ಅದರ ಜೊತೆ ರೂವಿಯಲ್ಲಿ ಅವಳೇ ಆರಿಸಿದ ಇನ್ನೊಂದು, ಗಿಳಿಹಸಿರು ಬಣ್ಣದ್ದು. ‘ದಾವಣಗೆರೆಯಲ್ಲಿ ವಾಕಿಂಗ್‌ಗೆ ಹಾಕ್ಕೋತೀಯಾ?’ ಅಂತ ಕೇಳಿದೆ. ‘ನೋಡಾಣ’ ಅಂದಳು. ಬಂದು ಎರಡು ತಿಂಗಳಾಯಿತು. ಸದ್ಯಕ್ಕೆ ಮನೆಯೊಳಗೆ ಹಾಕಿಕೊಳ್ತಾಳೆ. ಬಾಗಿಲು ತಟ್ಟಿದ ಸದ್ದಾದರೆ ಮೊದಲು ದುಪಟ್ಟಾ ಹುಡುಕ್ತಾಳೆ, ಆಮೇಲೆ ಹೋಗಿ ಬಾಗಿಲು ತೆಗೀತಾಳೆ.